ಆಟದ ಧಣಿಗಳು ಮತ್ತು ಭೂಸ್ವಾಧೀನದ ಕಾನೂನು

1966ನೇ ಇಸವಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಓಕ್ಲ್ಯಾಂಡ್ ಅನ್ನೋ ಬಂದರಿನ ಊರು. ಆ ವರ್ಷದ ಸೆಪ್ಟೆಂಬರ್ 18ರಂದು ಅಲ್ಲಿ ಸಾರ್ವಜನಿಕ ಸಾಲದಲ್ಲಿ ಕಟ್ಟಿದ ಒಂದು ಭಾರಿ ಕ್ರೀಡಾಂಗಣದ ಬಾಗಿಲು ತೆರೆಯಿತು. ಮುಂದಿನ ತಿಂಗಳು, ಅಕ್ಟೋಬರ್‌ನಲ್ಲಿ, ಅದೇ ಊರಿನ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಎಂಬ ಇಬ್ಬರು ಕಪ್ಪು ಹುಡುಗರು ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಕಟ್ಟಿದರು.

ಎರಡನೆಯ ಸುದ್ದಿ ನಮಗೆ ಗೊತ್ತು. 1972ರಲ್ಲಿ ಮುಂಬಯಿಯ ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಮತ್ತವರ ಗೆಳೆಯರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಅಂತ ಹೆಸರಿಟ್ಟದ್ದು ಅಲ್ಲಿಂದ ತಂದೇ. ಮೊದಲನೆಯ ಸುದ್ದಿಯನ್ನು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಆಟದ ಬಯಲು ತಾನೇ, ಅದರಲ್ಲಿ ಹೇಳೋಕೆ ಏನಿದೆ ಅಂದುಕೊಂಡಿರಬೇಕು. ಅದರಲ್ಲಿ ಇರೋದು ಒಂದು ಕಾನೂನಿನ ಕತೆ. ಗುಡಿಸಲು ಕಂಡರೆ ನುಂಗುವ, ಬಂಗಲೆ ಕಂಡರೆ ಕೈಕಟ್ಟಿ ನಿಲ್ಲುವ ಕಾನೂನಿನ ಕತೆ. ಪ್ಯಾಂಥರ್‌ಗಳನ್ನು ಓದಿಕೊಂಡವರು ಅವರ ಊರಿನ ಈ ಕತೆಯನ್ನೂ ಓದಿಕೊಳ್ಳಬೇಕು.

ಅಲ್ಲಿ ಆಟದ ತಂಡ ಅಂದ್ರೆ ಒಬ್ಬ ಧಣಿಯ ಖಾಸಗಿ ಸ್ವತ್ತು. ನಮ್ಮ ಕರ್ನಾಟಕದ ರಣಜಿ ತಂಡವನ್ನು ಯಾರೋ ಒಬ್ಬ ಸಾಹುಕಾರ ರಾತ್ರೋರಾತ್ರಿ ಕಟ್ಟಿಕೊಂಡು ಹೋಗಿ ನಾಳೆಯಿಂದ ಇದು ಗುಜರಾತಿನ ತಂಡ ಅನ್ನೋಕೆ ಆಗುವುದಿಲ್ಲ. ಅಲ್ಲಿ ಆಗುತ್ತದೆ. ಆದದ್ದೂ ಉಂಟು. ಇಂಥ ಧಣಿಗಳೆಲ್ಲ ಸೇರಿ ಒಂದು ಕೂಟ ಕಟ್ಟಿಕೊಂಡಿರುತ್ತಾರೆ, ಅದಕ್ಕೆ ಲೀಗು ಅನ್ನುತ್ತಾರೆ. ಬೇಸ್‌ಬಾಲ್ ಲೀಗಿನಲ್ಲಿ 30 ತಂಡ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್ ಲೀಗಿನಲ್ಲಿ 32 ತಂಡ. ಹೊಸ ತಂಡ ಬೇಕು ಅಂದರೆ ಹಳೆಯ ಧಣಿಗಳೇ ಒಪ್ಪಬೇಕು. ಅವರು ಸುಲಭಕ್ಕೆ ಒಪ್ಪೋದಿಲ್ಲ. ಯಾಕೆ ಅಂತೀರಾ? ತಂಡ ಬೇಕು ಅಂತ ಬಾಯಿ ಬಿಡುವ ಊರು ಯಾವಾಗಲೂ ಒಂದಾದರೂ ಇರಬೇಕು. ಆಗಲೇ ಇರುವ ಊರನ್ನು ಹೆದರಿಸೋಕೆ ಆಗೋದು. ಕೂಲಿ ಜಾಸ್ತಿ ಕೇಳಿದವನಿಗೆ ಗೌಡ ಹೇಳೋ ಮಾತು ನೆನಪಿರಬೇಕಲ್ಲ: 'ನೀನಲ್ಲದಿದ್ದರೆ ಪಕ್ಕದ ಹಟ್ಟಿಯವನು ಬರ್ತಾನೆ.' ಇಲ್ಲಿ ಕೂಲಿಯ ಜಾಗದಲ್ಲಿ ನಿಂತಿರೋದು ಒಂದೊಂದು ನಗರ, ಅಷ್ಟೇ ವ್ಯತ್ಯಾಸ.

ಈ ಆಟ ಶುರುವಾದದ್ದು 1953ರಲ್ಲಿ ಅನ್ನಬಹುದು. ಮಿಲ್‌ವಾಕಿ ಅನ್ನೋ ಊರು ಜನರ ದುಡ್ಡಿನಲ್ಲಿ ಕ್ರೀಡಾಂಗಣ ಕಟ್ಟಿಕೊಂಡು ಕಾಯುತ್ತಿತ್ತು. ಬಾಸ್ಟನ್ನಿನ ಬ್ರೇವ್ಸ್ ತಂಡದ ಧಣಿ ಅಲ್ಲಿಗೆ ಎದ್ದು ಬಂದ. ಜನ ಕಿಕ್ಕಿರಿದು ಬಂದರು. ಬೇರೆ ಧಣಿಗಳ ಕಣ್ಣು ಅರಳಿತು. ಹದಿಮೂರೇ ವರ್ಷ. 1966ಕ್ಕೆ ಅದೇ ತಂಡ ಮಿಲ್‌ವಾಕಿಗೂ ಕೈಕೊಟ್ಟು, ಅಟ್ಲಾಂಟಾ ಕಟ್ಟಿಸಿಟ್ಟಿದ್ದ ಇನ್ನೊಂದು ಹೊಸ ಅಂಗಳಕ್ಕೆ ಹೋಯಿತು.

ಮಿಲ್‌ವಾಕಿಯ ಜನಜಂಗುಳಿ ನೋಡಿ ಹೊಟ್ಟೆ ಉರಿಸಿಕೊಂಡವರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಜರ್ಸ್ ತಂಡದ ವಾಲ್ಟರ್ ಓಮ್ಯಾಲಿ ಒಬ್ಬ. 1947ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರ ಬಿಳಿಯರ ಗೋಡೆ ಒಡೆದು ಒಳಗೆ ಕಾಲಿಟ್ಟದ್ದು ಈ ತಂಡದಲ್ಲೇ. ಓಮ್ಯಾಲಿಗೆ ಬ್ರೂಕ್ಲಿನ್ನಿನ ನಡುಮಧ್ಯೆ ಹೊಸ ಅಂಗಳ ಬೇಕಿತ್ತು. ಕಟ್ಟಡ ನಾನು ಕಟ್ಟುತ್ತೇನೆ, ಅಲ್ಲಿರುವವರನ್ನು ಎಬ್ಬಿಸಿ ಜಾಗ ಮಾತ್ರ ನೀವು ಕೊಡಿಸಿ ಅಂತ ನಗರದ ಮುಂದೆ ಕೂತ. ನಗರದ ಕಾಮಗಾರಿಗಳನ್ನೆಲ್ಲ ಮುಷ್ಟಿಯಲ್ಲಿಟ್ಟುಕೊಂಡಿದ್ದ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಒಪ್ಪಲಿಲ್ಲ. (ಮೋಸೆಸ್ ಬಡವರ ಪಕ್ಷಪಾತಿ ಅಂತ ತಿಳಿಯಬೇಡಿ. ರಸ್ತೆಗಾಗಿ ಅವನು ಎಬ್ಬಿಸಿದ ಜನರಿಗೆ ಲೆಕ್ಕವಿಲ್ಲ.) 1957ರ ಆಟ ಮುಗಿದದ್ದೇ ಓಮ್ಯಾಲಿ ತಂಡವನ್ನು ಎತ್ತಿಕೊಂಡು ದೇಶದ ಇನ್ನೊಂದು ತುದಿಗೆ, ಲಾಸ್ ಏಂಜಲಿಸ್‌ಗೆ ಹೋದ. ಅಲ್ಲಿ ಜಾಗ ಖಾಲಿ ಮಾಡಿಸಿಟ್ಟಿದ್ದರು.

ಆ ಜಾಗದ ಹೆಸರು ಚಾವೆಜ್ ರವೀನ್. ಪಾಲೋ ವರ್ಡೆ, ಲಾ ಲೋಮಾ, ಬಿಷಪ್ ಅಂತ ಮೂರು ಕೇರಿ. ಮೆಕ್ಸಿಕೊ ಮೂಲದ ಕೂಲಿ ಜನ. ಬಿಳಿಯರ ಬಡಾವಣೆಗಳಲ್ಲಿ ಅವರಿಗೆ ಮನೆ ಕೊಡುತ್ತಿರಲಿಲ್ಲ. ಹಾಗಾಗಿ ಗುಡ್ಡದ ಓರೆಯಲ್ಲಿ ಕೈಯಾರೆ ಮನೆ ಕಟ್ಟಿಕೊಂಡು, ಕೋಳಿ ಆಡು ಸಾಕಿಕೊಂಡು, ತಮ್ಮದೇ ಶಾಲೆ ಚರ್ಚು ಮಾಡಿಕೊಂಡು ಬದುಕಿದ್ದರು. 1950ರ ಜುಲೈನಲ್ಲಿ ಮನೆಮನೆಗೆ ಒಂದು ಕಾಗದ ಬಂತು. ಇಲ್ಲಿ ಬಡವರಿಗಾಗಿ ಸರ್ಕಾರ ಮೂರು ಸಾವಿರಕ್ಕೂ ಹೆಚ್ಚು ಮನೆ ಕಟ್ಟಲಿದೆ, ನೀವು ಜಾಗ ಬಿಡಿ, ಹೊಸ ಮನೆಗಳಲ್ಲಿ ಮೊದಲ ಹಕ್ಕು ನಿಮ್ಮದೇ. 'ಸಾರ್ವಜನಿಕ ಉದ್ದೇಶ.' ಈ ಎರಡು ಪದ ನಮಗೆ ಹೊಸದೇನಲ್ಲ. ಬ್ರಿಟಿಷರು 1894ರಲ್ಲಿ ಬರೆದಿಟ್ಟ ಭೂಸ್ವಾಧೀನ ಕಾಯಿದೆಯಲ್ಲಿ ಇದೇ ಪದ ನೂರಿಪ್ಪತ್ತು ವರ್ಷ ಹತ್ತಿರ ಕೂತಿತ್ತು. ಅಣೆಕಟ್ಟಿನ ನೀರಿಗೆ ಊರು ಕೊಟ್ಟವರನ್ನು ಕೇಳಿದರೆ ಅದರ ಅರ್ಥ ಹೇಳುತ್ತಾರೆ.

ನೂರಾರು ಸಂಸಾರ ಸಿಕ್ಕಷ್ಟು ಪರಿಹಾರ ತಗೊಂಡು ಹೊರಟವು. ಮನೆ ಕಟ್ಟುವ ಯೋಜನೆ ಮಾತ್ರ ಮೇಲೇಳಲಿಲ್ಲ. ಬಡವರಿಗೆ ಸರ್ಕಾರ ಮನೆ ಕಟ್ಟಿಕೊಡೋದು ಕಮ್ಯುನಿಸಂ ಅಂತ ಅಲ್ಲಿನ ಜಮೀನು ವ್ಯಾಪಾರಿಗಳು, ಪತ್ರಿಕೆಗಳು ಬೊಬ್ಬೆ ಹೊಡೆದವು. ಯೋಜನೆಯ ಬೆನ್ನಿಗೆ ನಿಂತಿದ್ದ ಫ್ರಾಂಕ್ ವಿಲ್ಕಿನ್‌ಸನ್ ಎಂಬ ವಸತಿ ಅಧಿಕಾರಿಗೆ ನೀನು ಯಾವ ಸಂಘಟನೆಯವನು ಹೇಳು ಅಂತ ಪಾಟೀಸವಾಲು ಹಾಕಿದರು. ಅವನು ಬಾಯಿ ಬಿಡಲಿಲ್ಲ, ಕೆಲಸ ಹೋಯಿತು, ಕಡೆಗೊಮ್ಮೆ ಜೈಲಿಗೂ ಹೋಗಿಬಂದ. 1953ರಲ್ಲಿ ಗೆದ್ದ ಹೊಸ ಮೇಯರ್ ಯೋಜನೆಯನ್ನೇ ಕೈಬಿಟ್ಟ. ನೆಲ ನಗರದ ಕೈಯಲ್ಲಿ ಉಳಿಯಿತು. ಸಾರ್ವಜನಿಕ ಉದ್ದೇಶಕ್ಕೆ ಮಾತ್ರ ಬಳಸಬೇಕು ಅನ್ನೋ ಷರತ್ತಿನೊಡನೆ.

ಆ ಸಾರ್ವಜನಿಕ ಉದ್ದೇಶ ಓಮ್ಯಾಲಿಯ ರೂಪದಲ್ಲಿ ಬಂತು. ಸುಮಾರು 300 ಎಕರೆ ಅವನಿಗೆ, ಬದಲಿಗೆ ಅವನ ಕೈಲಿದ್ದ 9 ಎಕರೆಯ ಒಂದು ಹಳೆಯ ಮೈದಾನ ನಗರಕ್ಕೆ. 1958ರಲ್ಲಿ ಇದಕ್ಕೆ ಜನಮತ ಕೇಳಿದರು, ಸಣ್ಣ ಅಂತರದಲ್ಲಿ ಗೆದ್ದಿತು. 1959ರ ಮೇ 8ರಂದು ಕೊನೆಗೆ ಉಳಿದಿದ್ದ ಮನೆಗಳಿಗೆ ಪೊಲೀಸರು ಬಂದರು. ಅರೆಚಿಗಾ ಎಂಬ ಕುಟುಂಬ ಬಾಗಿಲು ಮುಚ್ಚಿ ಒಳಗೆ ಕೂತಿತ್ತು. ಆ ಮನೆಯ ಮಗಳನ್ನು ಕೈಕಾಲು ಹಿಡಿದು ಎತ್ತಿ, ಮೆಟ್ಟಿಲಿಳಿಸಿ, ಹೊರಗೆ ಒಯ್ದರು. ಆ ಚಿತ್ರ ಇವತ್ತಿಗೂ ಇದೆ. ಅವರು ಹೊರಗೆ ಬಂದದ್ದೇ ತಡ, ಬುಲ್‌ಡೋಜರ್ ಮನೆಯ ಮೇಲೆ ಹರಿಯಿತು. ಸಂಸಾರ ಅಲ್ಲೇ ಗುಡಾರ ಹಾಕಿಕೊಂಡು ಕೂತಿತು. ಒಂದೆರಡು ದಿನ ಮರುಗಿದ ಪತ್ರಿಕೆಗಳು ಆಮೇಲೆ, ಇವರಿಗೆ ಬೇರೆ ಕಡೆಯೂ ಮನೆ ಇದೆಯಂತೆ ಅಂತ ಬರೆದವು. ಅಲ್ಲಿಗೆ ಊರಿನ ಮರುಕ ಮುಗಿಯಿತು. ಬಡವ ಪೂರ್ತಿ ಬಡವನಾಗಿದ್ದರೆ ಮಾತ್ರ ಅವನಿಗಾದ ಅನ್ಯಾಯ ಅನ್ಯಾಯ ಅಂತ ಕಾಣುತ್ತದೆ! ಕೇರಿಯ ಶಾಲೆಯನ್ನು ಕೆಡವಲೂ ಇಲ್ಲ. ಮಾಡು ಕಿತ್ತು, ಗೋಡೆಗಳ ಮೇಲೆ ಮಣ್ಣು ಸುರಿದು ಮುಚ್ಚಿದರು. 1962ರ ಏಪ್ರಿಲ್ 10ರಂದು ಡಾಜರ್ ಸ್ಟೇಡಿಯಂ ತೆರೆಯಿತು. ಕಟ್ಟಡದ ಖರ್ಚು ಓಮ್ಯಾಲಿಯದೇ, ಅದು ನಿಜ. ಅವನ ಹೊಗಳುಭಟರು ಈಗಲೂ ಅದನ್ನೇ ಹೇಳುತ್ತಾರೆ. ಕಾಲಡಿಯ ನೆಲ ಯಾರದು ಅನ್ನೋದನ್ನು ಹೇಳೋದಿಲ್ಲ.

ಈಗ ಓಕ್ಲ್ಯಾಂಡಿಗೆ ಬರೋಣ. ಊರಿನ ಪಶ್ಚಿಮ ಭಾಗ ಕಪ್ಪುಜನರದು. ರೈಲಿನ ಮಲಗುವ ಡಬ್ಬಿಗಳಲ್ಲಿ ದುಡಿಯುವ ಪೋರ್ಟರುಗಳು, ಬಂದರಿನ ಹಮಾಲರು. ಪೋರ್ಟರುಗಳ ಸಂಘದ ಪಶ್ಚಿಮ ಕರಾವಳಿಯ ಮುಂದಾಳು ಸಿ.ಎಲ್. ಡೆಲಮ್ಸ್ ಇದ್ದದ್ದು ಅಲ್ಲೇ. ಏಳನೇ ಬೀದಿಯಲ್ಲಿ ಅವರ ಅಂಗಡಿ, ಹೋಟೆಲು, ಹಾಡಿನ ಮನೆಗಳು. 1957ರಲ್ಲಿ ಎರಡಂತಸ್ತಿನ ಹೆದ್ದಾರಿ ಆ ಕೇರಿಯನ್ನು ಸೀಳಿಕೊಂಡು ಹೋಯಿತು. 1960ರಲ್ಲಿ ಒಂದು ಅಂಚೆ ಕಟ್ಟಡಕ್ಕೆ ಜಾಗ ಬೇಕು ಅಂತ, ಮಹಾಯುದ್ಧದಲ್ಲಿ ಉಳಿದಿದ್ದ ಹಳೆಯ ಟ್ಯಾಂಕ್ ತಂದು ಮನೆಗಳನ್ನು ಗುದ್ದಿ ಬೀಳಿಸಿದರು. ಯುದ್ಧದ ಟ್ಯಾಂಕು, ಗೆಳೆಯರೆ. ಅದೇ ದಶಕದಲ್ಲಿ ಊರಿನ ಪೂರ್ವಕ್ಕೆ ಕೊಲಿಸಿಯಂ ಎದ್ದಿತು. ಅದು ಕೇರಿ ಕೆಡವಿದ ಜಾಗದಲ್ಲಿ ಕಟ್ಟಿದ್ದಲ್ಲ. ಆದರೆ ಕೇರಿ ಉಳಿಸೋಕೆ ದುಡ್ಡಿಲ್ಲ ಅಂದ ಅದೇ ಆಡಳಿತಕ್ಕೆ ಅಂಗಳಕ್ಕೆ ಸಾಲ ಎತ್ತೋಕೆ ದಾರಿ ಸಿಕ್ಕಿತ್ತು.

ಕೊಲಿಸಿಯಂನಲ್ಲಿ ಫುಟ್‌ಬಾಲಿನ ರೇಡರ್ಸ್ ತಂಡ. 1968ರಿಂದ ಬೇಸ್‌ಬಾಲಿನ ಅಥ್ಲೆಟಿಕ್ಸ್. ಈ ಅಥ್ಲೆಟಿಕ್ಸ್ ಫಿಲಡೆಲ್ಫಿಯಾ ಬಿಟ್ಟು, ಕಾನ್ಸಾಸ್ ಸಿಟಿಯನ್ನೂ ಬಿಟ್ಟು ಮೂರನೇ ಊರಿಗೆ ಬಂದ ತಂಡ. ರೇಡರ್ಸ್ ಆಟಕ್ಕೆ ವರ್ಷಗಟ್ಟಲೆ ಒಂದು ಟಿಕೆಟ್ಟೂ ಉಳಿಯುತ್ತಿರಲಿಲ್ಲ. ಆದರೂ ಧಣಿ ಆಲ್ ಡೇವಿಸ್‌ಗೆ ಸಾಲದು. ಸಾಹುಕಾರರು ಗಾಜಿನ ಕೋಣೆಯಲ್ಲಿ ಕೂತು, ತಿಂದು ಕುಡಿದು ಆಟ ನೋಡುವ ವಿಶೇಷ ಪೆಟ್ಟಿಗೆಗಳು ಬೇಕು. ಲಾಸ್ ಏಂಜಲಿಸ್ ಕೊಡುತ್ತೇನೆ ಅಂದಿತು. 1980ರಲ್ಲಿ ಡೇವಿಸ್ ಹೊರಡುತ್ತೇನೆ ಅಂದ.

ಆಗ ಓಕ್ಲ್ಯಾಂಡ್ ಒಂದು ಕೆಲಸ ಮಾಡಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುಳು ಇಲ್ಲಿದೆ. ಭೂಸ್ವಾಧೀನದ ಕಾನೂನನ್ನು ತಂಡದ ಮೇಲೆಯೇ ಹಾಕಿತು. ಸಾರ್ವಜನಿಕ ಉದ್ದೇಶಕ್ಕೆ ಬಡವನ ಮನೆ ಹಿಡಿಯಬಹುದಾದರೆ, ಅದೇ ಉದ್ದೇಶಕ್ಕೆ ಧಣಿಯ ತಂಡವನ್ನು ಯಾಕೆ ಹಿಡಿಯಬಾರದು? ನ್ಯಾಯವಾದ ಬೆಲೆ ಕೊಡುತ್ತೇವೆ, ತಂಡ ಊರಿನದಾಗಲಿ. 1982ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ, ವಿಚಾರಣೆ ನಡೆಯಲಿ ಅಂದಿತು. ತಂಡ ಅಷ್ಟರಲ್ಲಿ ಲಾಸ್ ಏಂಜಲಿಸ್ ಸೇರಿತ್ತು. 1985ರಲ್ಲಿ ಮೇಲ್ಮನವಿ ನ್ಯಾಯಾಲಯ ಓಕ್ಲ್ಯಾಂಡಿನ ಕೇಸನ್ನು ಮುಗಿಸಿಹಾಕಿತು. ಕಾರಣ? ಈ ಆಟ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ, ಒಂದು ಊರು ಅದಕ್ಕೆ ಕೈ ಹಾಕಿದರೆ ಇಡೀ ಲೀಗಿಗೆ ಧಕ್ಕೆ.

ಈ ತೀರ್ಪಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೇಸ್‌ಬಾಲ್ ಆಟ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವೇ ಅಲ್ಲ, ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ತಾಗದು ಅಂದಿತ್ತು. ಧಣಿಗಳು ಕೂಟ ಕಟ್ಟಿಕೊಳ್ಳುವಾಗ ಆಟ ವ್ಯಾಪಾರವಲ್ಲ, ಊರು ತಂಡವನ್ನು ಕೇಳುವಾಗ ಆಟ ವ್ಯಾಪಾರ. ಆಟ ಬೇರೆ, ಕೋರ್ಟು ಬೇರೆ ಅನ್ನಬಹುದು, ಸರಿ. ಲಾಭ ಎರಡು ಸಲವೂ ಒಂದೇ ಮನೆಗೆ ಹೋಗಿದೆ.

ಓಕ್ಲ್ಯಾಂಡ್ ಮಾಡಿದ್ದನ್ನು ನೋಡಿ ಬಾಲ್ಟಿಮೋರ್ ಕೂಡ ಎಚ್ಚೆತ್ತಿತು. 1984ರ ಮಾರ್ಚ್‌ನಲ್ಲಿ ಕೋಲ್ಟ್ಸ್ ತಂಡವನ್ನು ವಶಪಡಿಸಿಕೊಳ್ಳುವ ಮಸೂದೆ ಮೇರಿಲ್ಯಾಂಡ್ ಶಾಸನಸಭೆಯಲ್ಲಿ ಅರ್ಧ ದಾರಿ ದಾಟಿತ್ತು. 28ರ ರಾತ್ರಿ ತಂಡದ ಧಣಿ ಸಾಮಾನು ಸಾಗಿಸುವ ಲಾರಿಗಳನ್ನು ಕರೆಸಿ, ಅಂಗಿ ಚೆಂಡು ಕಾಗದಪತ್ರ ಎಲ್ಲ ತುಂಬಿಸಿ, ಬೆಳಗಾಗುವ ಹೊತ್ತಿಗೆ ಇಂಡಿಯಾನಾಪೊಲಿಸ್ ದಾರಿ ಹಿಡಿದಿದ್ದ. ಲಾಸ್ ಏಂಜಲಿಸ್‌ನ ಗುಡ್ಡದ ಮೇಲಿನವರಿಗೆ ತಮ್ಮ ಮನೆಯನ್ನು ಲಾರಿಗೆ ಏರಿಸಿಕೊಂಡು ಓಡುವ ಅವಕಾಶ ಇರಲಿಲ್ಲ.

ಹಾಗಾದರೆ ಹೊಸ ಅಂಗಳವೇ ಯಾಕೆ ಬೇಕು? ಹಳೆಯದರಲ್ಲಿ ಆಡೋಕೆ ಆಗೋದಿಲ್ಲವೆ? ಆಗುತ್ತದೆ. ವಿಷಯ ಆಟದ್ದಲ್ಲ. ಟೆಲಿವಿಷನ್‌ನಿಂದ ಬರುವ ರಾಷ್ಟ್ರಮಟ್ಟದ ಹಣವನ್ನು ಧಣಿಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳಬೇಕು. ಫುಟ್‌ಬಾಲಿನಲ್ಲಿ ಮಾಮೂಲಿ ಟಿಕೆಟ್ಟಿನ ದುಡ್ಡಿನಲ್ಲೂ ಎದುರಾಳಿಗೆ ಪಾಲು ಉಂಟು. ಆದರೆ ಗಾಜಿನ ಪೆಟ್ಟಿಗೆಗಳ ಬಾಡಿಗೆ, ತಿಂಡಿ, ಪಾರ್ಕಿಂಗ್, ಅಂಗಳಕ್ಕೆ ಕಂಪನಿಯ ಹೆಸರಿಡುವ ದುಡ್ಡು, ಇವು ಬಹುಮಟ್ಟಿಗೆ ಧಣಿಯ ಸ್ವಂತ ಜೇಬಿಗೆ. 1965ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಇಂಥ ಪೆಟ್ಟಿಗೆಗಳನ್ನು ಮಾಡಿ ತೋರಿಸಿದ ಮೇಲೆ ಹಳೆಯ ಅಂಗಳಗಳೆಲ್ಲ ಒಂದೊಂದಾಗಿ 'ಹಳೆಯದು' ಆದವು. ಸಾವಿರ ಜನ ಬೆಂಚಿನಲ್ಲಿ ಕೂತರೆ ಬರೋದಕ್ಕಿಂತ ಹತ್ತು ಕಂಪನಿಗಳು ಪೆಟ್ಟಿಗೆ ಹಿಡಿದರೆ ಹೆಚ್ಚು ಬರುತ್ತದೆ ಅಂದಮೇಲೆ ಬೆಂಚಿನವನು ಯಾರಿಗೆ ಬೇಕು? ಲಾಸ್ ವೇಗಾಸ್‌ನಲ್ಲಿ ಈಗ ಕಟ್ಟುತ್ತಿರುವ ಬೇಸ್‌ಬಾಲ್ ಅಂಗಳದಲ್ಲಿ 33 ಸಾವಿರ ಜನಕ್ಕೆ ಮಾತ್ರ ಜಾಗ. ಓಕ್ಲ್ಯಾಂಡಿನ ಹಳೆಯದಕ್ಕಿಂತ ಕಡಿಮೆ. ಹೊಸದು ಅಂದ್ರೆ ದೊಡ್ಡದು ಅಂತಲ್ಲ, ಆಯ್ದ ಜನಕ್ಕೆ ಅಂತ.

ಇನ್ನು ತೆರಿಗೆಯ ಕೈಚಳಕ. ನಗರ ಬಾಂಡು ಮಾರಿ ಸಾಲ ಎತ್ತಿದರೆ ಆ ಬಡ್ಡಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಸಾಲ ಅಗ್ಗ. 1986ರಲ್ಲಿ ಕಾಂಗ್ರೆಸ್ಸು ಇದಕ್ಕೆ ಕಡಿವಾಣ ಹಾಕೋಕೆ ಹೊರಟಿತು. ಸಾಲದ ಕಂತಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಾಲು ಅಂಗಳದ ಆದಾಯದಿಂದ ಬಂದರೆ ವಿನಾಯಿತಿ ಇಲ್ಲ ಅಂತ ಬರೆಯಿತು. ತಂಡಗಳು ತಮ್ಮ ಖರ್ಚಿನಲ್ಲೇ ಕಟ್ಟಿಕೊಳ್ಳುತ್ತವೆ ಅನ್ನೋ ಎಣಿಕೆ. ಆದದ್ದು ತಿರುಗುಮುರುಗು. ವಿನಾಯಿತಿ ಉಳಿಸಿಕೊಳ್ಳಬೇಕು ಅಂತ ನಗರಗಳು ತಂಡದಿಂದ ಬಾಡಿಗೆ ತಗೊಳ್ಳೋದನ್ನೇ ಕಡಿಮೆ ಮಾಡಿ, ಉಳಿದ ನೂರಕ್ಕೆ ತೊಂಬತ್ತನ್ನು ಜನರ ತೆರಿಗೆಯಿಂದ ಕಟ್ಟತೊಡಗಿದವು. ಊರಿಗೆ ಉದ್ಯೋಗ ಬರುತ್ತದೆ, ವ್ಯಾಪಾರ ಬೆಳೆಯುತ್ತದೆ ಅನ್ನೋ ಮಾತಿಗೆ ರೋಜರ್ ನೋಲ್, ಆಂಡ್ರ್ಯೂ ಜಿಂಬಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲೇ ಉತ್ತರ ಕೊಟ್ಟಿದ್ದಾರೆ. ಹೂಡಿದ ದುಡ್ಡಿಗೆ ತಕ್ಕ ಲಾಭ ಯಾವ ಅಂಗಳದಿಂದಲೂ ಊರಿಗೆ ಬಂದದ್ದು ಅವರಿಗೆ ಕಾಣಲಿಲ್ಲ. ಸಿನಿಮಾಕ್ಕೋ ಹೋಟೆಲಿಗೋ ಹೋಗುತ್ತಿದ್ದ ಜನ ಅದೇ ದುಡ್ಡನ್ನು ಇಲ್ಲಿ ಹಾಕುತ್ತಾರೆ, ಅಷ್ಟೇ.

ಧಣಿಗಳ ಲೆಕ್ಕದ ಪುಸ್ತಕದಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಯಂತ್ರ ಸವೆಯುತ್ತದೆ ಅಂತ ವರ್ಷವರ್ಷ ಸವಕಳಿ ಬರೆದು ತೆರಿಗೆ ಉಳಿಸುವುದಿಲ್ಲವೆ, ಹಾಗೆ ಆಟಗಾರರನ್ನೂ ಸವೆಯುವ ಆಸ್ತಿ ಅಂತ ಬರೆಯಬಹುದು ಎಂದು ಬಿಲ್ ವೀಕ್ ಎಂಬ ಧಣಿ ತೋರಿಸಿಕೊಟ್ಟ. ಮನುಷ್ಯ ದೇಹಕ್ಕೆ ಸವಕಳಿ! ಈ ಲೆಕ್ಕದ ವಿರುದ್ಧ ಎದ್ದುನಿಂತವನು ಪಶ್ಚಿಮ ಓಕ್ಲ್ಯಾಂಡಿನಲ್ಲೇ ಬೆಳೆದ ಹುಡುಗ, ಕರ್ಟ್ ಫ್ಲಡ್. 1969ರಲ್ಲಿ ಸೇಂಟ್ ಲೂಯಿಸ್ ತಂಡ ಅವನನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ಸಾಗಹಾಕಿದಾಗ, ನಾನು ಕೊಂಡು ಮಾರುವ ಸರಕಲ್ಲ ಅಂತ ಕಾಗದ ಬರೆದು ಕೋರ್ಟಿಗೆ ಹೋದ. ಸಂಬಳ ಜಾಸ್ತಿ ಇದ್ದರೆ ಜೀತ ಜೀತವಲ್ಲವೆ ಅನ್ನೋದು ಅವನ ಪ್ರಶ್ನೆ. 1972ರಲ್ಲಿ ಸುಪ್ರೀಂ ಕೋರ್ಟು 1922ರ ಅದೇ ಹಳೆಯ ತೀರ್ಪನ್ನು ಹಿಡಿದುಕೊಂಡು ಅವನನ್ನು ಸೋಲಿಸಿತು. ಅವನ ಆಟದ ಬದುಕು ಅಲ್ಲಿಗೆ ಮುಗಿದಿತ್ತು. 1975ರ ಕೊನೆಗೆ ಒಬ್ಬ ಮಧ್ಯಸ್ಥಗಾರನ ತೀರ್ಪಿನಿಂದ ಆಟಗಾರರ ಆ ಕಟ್ಟು ಸಡಿಲವಾಯಿತು. ಫ್ಲಡ್ ಸತ್ತ ಮರುವರ್ಷ, 1998ರಲ್ಲಿ, ಅವನ ಹೆಸರಿನದೇ ಒಂದು ಕಾಯಿದೆ ಮಾಡಿ ಬೇಸ್‌ಬಾಲ್ ಧಣಿಗಳ ವಿನಾಯಿತಿಯನ್ನು ಆಟಗಾರರ ಮಟ್ಟಿಗೆ ತೆಗೆದರು. ತಂಡವನ್ನು ಊರಿಂದೂರಿಗೆ ಒಯ್ಯುವ ವಿಷಯದಲ್ಲಿ ಮಾತ್ರ ಅದನ್ನು ಮುಟ್ಟಲಿಲ್ಲ. ಹುಡುಗನ ಹೆಸರು ಬಳಸಿಕೊಂಡು ಅವನ ಊರನ್ನು ಬಿಟ್ಟುಬಿಟ್ಟರು.

ಊರೇ ತಂಡವನ್ನು ಇಟ್ಟುಕೊಳ್ಳೋಕೆ ಆಗದೆ? ಆಗುತ್ತದೆ. ಗ್ರೀನ್ ಬೇ ಅನ್ನೋ ಸಣ್ಣ ಪಟ್ಟಣದ ಫುಟ್‌ಬಾಲ್ ತಂಡ 1923ರಿಂದ ಅಲ್ಲಿನ ಸಾಮಾನ್ಯ ಷೇರುದಾರರದು. ಯಾರೂ ಅದನ್ನು ಎತ್ತಿಕೊಂಡು ಹೋಗಿಲ್ಲ. ಇಂಥದು ಇನ್ನೊಂದು ಹುಟ್ಟಬಾರದು ಅಂತ ಲೀಗು ಆಮೇಲೆ ನಿಯಮ ಮಾಡಿಕೊಂಡಿದೆ. ಸ್ಯಾನ್ ಡಿಯಾಗೋದ ಬೇಸ್‌ಬಾಲ್ ತಂಡದ ಒಡತಿ ಜೋನ್ ಕ್ರಾಕ್, 1990ರ ಹೊತ್ತಿಗೆ, ತಂಡವನ್ನು ನಗರಕ್ಕೆ ದಾನವಾಗಿ ಕೊಡುತ್ತೇನೆ ಅಂದಳು. ಉಳಿದ ಧಣಿಗಳು ಬಿಡಲಿಲ್ಲ. ಕೊಂಡುಕೊಳ್ಳುತ್ತೇವೆ ಅಂದರೂ ಇಲ್ಲ, ದಾನ ಕೊಟ್ಟರೂ ಇಲ್ಲ.

1995ರಲ್ಲಿ ಡೇವಿಸ್ ಓಕ್ಲ್ಯಾಂಡಿಗೆ ವಾಪಸು ಬಂದ. ಬಿಟ್ಟುಹೋದ ಧಣಿಯನ್ನು ಮತ್ತೆ ಕರೆದುಕೊಳ್ಳೋಕೆ ನಗರ ಮತ್ತು ಜಿಲ್ಲೆ ಸುಮಾರು 20 ಕೋಟಿ ಡಾಲರ್ ಸಾಲ ಮಾಡಿದವು. ಪೆಟ್ಟಿಗೆಗಳಿಗಾಗಿ ಕೊಲಿಸಿಯಂನ ಒಂದು ಬದಿಗೆ ಕಾಂಕ್ರೀಟಿನ ಗುಡ್ಡ ಎಬ್ಬಿಸಿದರು. ಮೊದಲು ಕೂತಲ್ಲಿಂದಲೇ ಊರಾಚೆಯ ಹಸಿರು ಬೆಟ್ಟ ಕಾಣುತ್ತಿತ್ತಂತೆ, ಅದು ಮುಚ್ಚಿಹೋಯಿತು. ಜನ ಅದಕ್ಕೆ 'ಮೌಂಟ್ ಡೇವಿಸ್' ಅಂತ ಹೆಸರಿಟ್ಟು ನಕ್ಕರು. ಅಲ್ಲಿನ ಸೀಟುಗಳು ಎಣಿಸಿದ ಹಾಗೆ ಮಾರಾಟವಾಗಲಿಲ್ಲ, ಕಡೆಗೆ ಮೇಲಿನ ಸಾಲುಗಳಿಗೆ ಟಾರ್ಪಾಲು ಹೊದಿಸಿದರು. ಕಂತು ಮಾತ್ರ ವರ್ಷವರ್ಷ ಜನರ ದುಡ್ಡಿನಿಂದ ಹೋಗುತ್ತಿತ್ತು. 2020ರಲ್ಲಿ ರೇಡರ್ಸ್ ಎರಡನೆಯ ಸಲ ಹೊರಟಿತು. ಈ ಸಲ ಲಾಸ್ ವೇಗಾಸ್‌ಗೆ, ಅಲ್ಲಿನ ಹೋಟೆಲ್ ಕೋಣೆಗಳ ತೆರಿಗೆಯಿಂದ 75 ಕೋಟಿ ಡಾಲರ್ ಕೊಡುವ ಮಾತಾದ ಮೇಲೆ. 1995ರ ಸಾಲದ ಕಂತು 2025ರ ತನಕ ಇತ್ತು. ತಂಡ ಹೋದಮೇಲೂ ಐದು ವರ್ಷ.

ಅಥ್ಲೆಟಿಕ್ಸ್ ಧಣಿ ಜಾನ್ ಫಿಶರ್ ಬಟ್ಟೆ ವ್ಯಾಪಾರದ ದೊಡ್ಡ ಮನೆತನದವನು. ಬಂದರಿನ ಪಕ್ಕ, ಪಶ್ಚಿಮ ಓಕ್ಲ್ಯಾಂಡಿನ ಅಂಚಿನಲ್ಲೇ, ಅಂಗಳ ಮತ್ತು ಬಡಾವಣೆ ಕಟ್ಟುತ್ತೇನೆ ಅಂತ ಅವನು ಓಕ್ಲ್ಯಾಂಡನ್ನು ವರ್ಷಗಟ್ಟಲೆ ಚೌಕಾಶಿಯಲ್ಲಿ ಇಟ್ಟ. 2023ರ ಜೂನ್‌ನಲ್ಲಿ ನೆವಾಡಾ ಶಾಸನಸಭೆ 38 ಕೋಟಿ ಡಾಲರ್ ತನಕ ಕೊಡುತ್ತೇನೆ ಅಂದಿತು. ಆ ವರ್ಷದ ನವೆಂಬರ್‌ನಲ್ಲಿ ಮೂವತ್ತಕ್ಕೆ ಮೂವತ್ತು ಧಣಿಗಳೂ ಅವನ ವಲಸೆಗೆ ಕೈ ಎತ್ತಿದರು.

ಇದನ್ನು ಓದುವ ಮೇಷ್ಟ್ರುಗಳಿಗೆ ಒಂದು ಮಾತು. ನೆವಾಡಾದಲ್ಲಿ ಇದನ್ನು ತಡೆಯೋಕೆ ನಿಂತವರು ಅಲ್ಲಿನ ಶಿಕ್ಷಕರ ಸಂಘದವರು. ಅಂಗಳಕ್ಕಿಂತ ಶಾಲೆ ಮೊದಲು ಅಂತ ಹೆಸರಿಟ್ಟುಕೊಂಡು, ಇದನ್ನು ಜನಮತಕ್ಕೆ ಹಾಕಿ ಅಂತ ಅರ್ಜಿ ತಯಾರಿಸಿದರು. ಅರ್ಜಿಯಲ್ಲಿ ಇಡೀ ಮಸೂದೆಯನ್ನು ಅಚ್ಚು ಹಾಕಿಲ್ಲ ಅನ್ನೋ ತಕರಾರು ಬಂತು. 2024ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ತಕರಾರನ್ನೇ ಎತ್ತಿಹಿಡಿದು ಅರ್ಜಿಯನ್ನು ತಳ್ಳಿಹಾಕಿತು. ಓಕ್ಲ್ಯಾಂಡಿನಲ್ಲೂ 2022ರಲ್ಲಿ ಶಾಲೆ ಮುಚ್ಚುವ ತೀರ್ಮಾನದ ವಿರುದ್ಧ ಶಾಲೆಯೊಂದರ ಇಬ್ಬರು ನೌಕರರು ಉಪವಾಸ ಕೂತಿದ್ದರು. ಶಾಲಾ ಮಂಡಳಿಯ ಹಣದ ಪೆಟ್ಟಿಗೆ ಬೇರೆ, ಅಂಗಳದ ಸಾಲದ ಪೆಟ್ಟಿಗೆ ಬೇರೆ, ಒಂದರ ದುಡ್ಡು ಇನ್ನೊಂದಕ್ಕೆ ಹೋಯಿತು ಅಂತ ನಾನು ಹೇಳಲಾರೆ. ತೆರಿಗೆ ಕಟ್ಟುವವರು ಮಾತ್ರ ಅದೇ ಜನ.

ಅಂಗಳ ಬೇಡವೇ ಬೇಡ ಅಂತ ವಾದಿಸೋಕೆ ನನಗೆ ಮನಸ್ಸಿಲ್ಲ. ಆ ಕೊಲಿಸಿಯಂ ಕೂಲಿಜನರ ಅಂಗಳವೂ ಆಗಿತ್ತು. 1990ರ ಜೂನ್ 30ರಂದು, ಜೈಲಿನಿಂದ ಹೊರಬಂದ ಕೆಲವೇ ತಿಂಗಳಲ್ಲಿ, ನೆಲ್ಸನ್ ಮಂಡೇಲಾ ಮಾತಾಡಿದ್ದು ಅಲ್ಲೇ, ಐವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ. ತಂಡ ಹೋದರೆ ಕಡಲೆಕಾಯಿ ಮಾರುವವನ, ಕಸ ಗುಡಿಸುವವಳ ಕೆಲಸ ಹೋಗುತ್ತದೆ, ಧಣಿಯದು ಹೋಗುವುದಿಲ್ಲ. 2023ರ ಜೂನ್ 13ರಂದು ಸುಮಾರು 28 ಸಾವಿರ ಅಭಿಮಾನಿಗಳು ಬೇಕೆಂದೇ ಕೊಲಿಸಿಯಂ ತುಂಬಿ, ತಂಡ ಮಾರಿ ಹೋಗು ಅಂತ ಫಿಶರ್‌ಗೆ ಕೂಗಿ ಹೇಳಿದರು. ಬಂದು ಕೂತು ಪ್ರತಿಭಟಿಸಿದರು, ಬಹಿಷ್ಕಾರವನ್ನೇ ಉಲ್ಟಾ ಮಾಡಿ.

2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಆಟ ನಡೆಯಿತು. 46,889 ಜನ ಬಂದಿದ್ದರು. ಅಥ್ಲೆಟಿಕ್ಸ್ 3–2ರಲ್ಲಿ ಗೆದ್ದಿತು. ಆ ವರ್ಷವೇ ನಗರಸಭೆ ಕೊಲಿಸಿಯಂನಲ್ಲಿ ತನಗಿರುವ ಅರ್ಧ ಪಾಲನ್ನು ಕಪ್ಪುಜನರ ಮುಂದಾಳತ್ವದ ಒಂದು ಗುಂಪಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. ತಂಡ 2025ರಿಂದ ಸ್ಯಾಕ್ರಮೆಂಟೋದ ಒಂದು ಸಣ್ಣ ಮೈದಾನದಲ್ಲಿ ಆಡುತ್ತ, ವೇಗಾಸ್‌ನ ಅಂಗಳ ಏಳೋದನ್ನು ಕಾಯುತ್ತಿದೆ. ಅದರ ಹೆಸರಿನ ಮುಂದೆ ಈಗ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್.